ಉಣ್ಣೆ, ನುಸಿ: ಮೊದಲು ಅವುಗಳ ಮನೆ ಹುಡುಕಿ

ನಾಯಿಯ ಕಿವಿ ಸವರುತ್ತಾ ಕೂತಿರುತ್ತೀರಿ. ಬೆರಳಿಗೆ ಏನೋ ಗಂಟು ಸಿಗುತ್ತದೆ. ಕೂದಲು ಸರಿಸಿ ನೋಡಿದರೆ ಬೂದು ಬಣ್ಣದ, ನುಣುಪಾದ, ಹರಳುಬೀಜದಂಥ ಉಂಡೆಯೊಂದು ಚರ್ಮಕ್ಕೆ ಅಂಟಿಕೊಂಡಿದೆ. ಮೊದಲ ಸಲ ನೋಡಿದವರು ಅದನ್ನು ನರುಲಿ ಅಂದುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಉಂಡೆಯ ಒಂದು ತುದಿಯಲ್ಲಿ ಪುಟ್ಟ ಕಾಲುಗಳು ಆಡುತ್ತಿರುತ್ತವೆ. ಎಣಿಸಿದರೆ ಎಂಟು.

ಅದು ಉಣ್ಣೆ. ಉಣುಗು ಅಂತಲೂ ಕರೆಯುತ್ತಾರೆ. ಕುರಿಯ ತುಪ್ಪಟಕ್ಕೂ ಉಣ್ಣೆ ಅನ್ನುವುದುಂಟು. ಇಲ್ಲಿ ಮಾತ್ರ ಉಣ್ಣೆ ಅಂದರೆ ರಕ್ತ ಹೀರುವ ಜೀವಿಯೇ. ಹರಳುಬೀಜದ ಹೋಲಿಕೆ ನನ್ನದಲ್ಲ, ತುಂಬಾ ಹಳೆಯದು. ಲ್ಯಾಟಿನ್ ಭಾಷೆಯಲ್ಲಿ ಉಣ್ಣೆಗೆ 'ರಿಸಿನಸ್' ಎಂಬ ಹೆಸರಿತ್ತು. ಬೀಜ ಥೇಟ್ ಉಣ್ಣೆಯ ಹಾಗೇ ಕಾಣುತ್ತದೆ ಅಂತ ಹರಳು ಗಿಡಕ್ಕೂ ಅದೇ ಹೆಸರು ಅಂಟಿಕೊಂಡಿತು.

ಆಮೇಲೆ ಏನು ಮಾಡುತ್ತೇವೆ? ಕಿತ್ತು, ನೆಲಕ್ಕೆ ಹಾಕಿ, ಕಾಲಲ್ಲಿ ಹೊಸಕುತ್ತೇವೆ. ಒಂದು ವಾರ ಬಿಟ್ಟು ನೋಡಿದರೆ ಮತ್ತೆ ನಾಲ್ಕು. ಪೌಡರ್ ಹಾಕುತ್ತೇವೆ, ಸ್ನಾನ ಮಾಡಿಸುತ್ತೇವೆ, ಇಂಜೆಕ್ಷನ್ ಕೊಡಿಸುತ್ತೇವೆ. ಮತ್ತೆ ಬರುತ್ತವೆ. 'ಈ ಔಷಧಿ ಕೆಲಸ ಮಾಡ್ತಾ ಇಲ್ಲ' ಅನ್ನುವ ದೂರು ಶುರುವಾಗುವುದು ಇಲ್ಲೇ. ಎಷ್ಟೋ ಸಲ ತಪ್ಪು ಔಷಧಿಯದ್ದಲ್ಲ. ಯಾರನ್ನು, ಎಲ್ಲಿ ಹೊಡೆಯಬೇಕು ಅನ್ನುವುದು ತಿಳಿಯದೆ ಹೊಡೆಯುತ್ತಿರುತ್ತೇವೆ, ಅಷ್ಟೇ.

ಹಾಗಾಗಿ ಈ ಜೀವಿಗಳ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ 'ಯಾವ ಔಷಧಿ?' ಅಲ್ಲ. ಇದು ತನ್ನ ಬದುಕಿನ ಎಷ್ಟು ದಿನ ಪ್ರಾಣಿಯ ಮೈಮೇಲೆ ಇರುತ್ತದೆ, ಉಳಿದ ದಿನ ಎಲ್ಲಿರುತ್ತದೆ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಂದಿನದೆಲ್ಲ ಸುಲಭ.

ಉಣ್ಣೆ ಮತ್ತು ನುಸಿ ಎರಡೂ ಜೇಡ, ಚೇಳುಗಳ ಬಳಗದವು. ಹೇನು, ಚಿಗಟಗಳು ಕೀಟಗಳು, ಅವಕ್ಕೆ ಆರು ಕಾಲು. ಉಣ್ಣೆ, ನುಸಿಗಳಿಗೆ ಬೆಳೆದ ಮೇಲೆ ಎಂಟು ಕಾಲು. ರೆಕ್ಕೆ ಇಲ್ಲ, ಮೀಸೆ ಇಲ್ಲ. ಆದರೆ ಮೊಟ್ಟೆಯಿಂದ ಆಗಷ್ಟೇ ಬಂದ ಉಣ್ಣೆಮರಿಗೆ ಆರೇ ಕಾಲು. ಹಾಗಾಗಿ ಅದನ್ನು ನೋಡಿ ಹೇನು ಅಂತ ಮೋಸ ಹೋಗುವವರು ಜಾಸ್ತಿ. ಅದು ರಕ್ತ ಕುಡಿದು, ಪೊರೆ ಕಳಚಿ, ಎಂಟು ಕಾಲಿನ ಎಳೆ ಉಣ್ಣೆಯಾಗುತ್ತದೆ. ಮತ್ತೆ ರಕ್ತ, ಮತ್ತೆ ಪೊರೆ, ಆಮೇಲೆ ದೊಡ್ಡ ಉಣ್ಣೆ.

ಶೀಶೆಯೊಳಗೆ ಒಂದು ತಿಂಗಳು

ದನದ ಮೈಯಿಂದ ಉದುರಿದ, ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆಯೊಂದನ್ನು ಗಾಜಿನ ಶೀಶೆಯಲ್ಲಿ ಹಾಕಿ, ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ ಇಟ್ಟುಕೊಂಡರೆ ಯಾವ ಪುಸ್ತಕವೂ ಕಲಿಸದಷ್ಟು ಕಲಿಯಬಹುದು. ನಾನು ಕಲಿತದ್ದೂ ಹಾಗೇ. ಮೊದಲ ಎರಡು ಮೂರು ದಿನ ಏನೂ ಆಗುವುದಿಲ್ಲ. ಸತ್ತೇ ಹೋಗಿದೆ ಅನ್ನಿಸುತ್ತದೆ. ಆಮೇಲೆ ಒಂದು ಬೆಳಿಗ್ಗೆ ಅದರ ತಲೆಯ ಹತ್ತಿರ ಕಂದು ಬಣ್ಣದ, ಹೊಳೆಯುವ ಕಾಳುಗಳು ಕಾಣುತ್ತವೆ. ಸಾಸಿವೆಗಿಂತಲೂ ಎಷ್ಟೋ ಸಣ್ಣವು. ಮೊಟ್ಟೆಗಳು ತಲೆಯ ಹತ್ತಿರ ಯಾಕೆ? ಹೆಣ್ಣು ಉಣ್ಣೆ ಹೊಟ್ಟೆಯ ಕೆಳಗಿಂದ ಬಂದ ಒಂದೊಂದೇ ಮೊಟ್ಟೆಯನ್ನು ಬಾಯಿಯ ಮೇಲ್ಭಾಗದಿಂದ ಹೊರಚಾಚುವ ಒಂದು ಮೆತ್ತನೆಯ ಅಂಗದಿಂದ ಹಿಡಿದು, ಅದಕ್ಕೆ ಮೇಣ ಸವರಿ, ಬದಿಗೆ ತಳ್ಳುತ್ತದೆ. ಮೇಣ ಇಲ್ಲದಿದ್ದರೆ ಮೊಟ್ಟೆ ಒಣಗಿ ಹೋಗುತ್ತದೆ. ಈ ಕೆಲಸ ವಾರಕ್ಕೂ ಮೀರಿ ನಡೆಯುತ್ತದೆ. ಮೊಟ್ಟೆಯ ಗುಡ್ಡೆ ದೊಡ್ಡದಾದ ಹಾಗೆ ತಾಯಿ ಸುಕ್ಕುಗಟ್ಟಿ, ಕೊನೆಗೆ ಒಣಗಿದ ಸಿಪ್ಪೆಯಂತಾಗಿ ಸಾಯುತ್ತದೆ. ದನದ ಉಣ್ಣೆಯಾದರೆ ಒಂದು ಹೆಣ್ಣಿನಿಂದ ಎರಡರಿಂದ ಮೂರು ಸಾವಿರ ಮೊಟ್ಟೆ.

ಬಿಸಿ ಮತ್ತು ತೇವ ಹದವಾಗಿದ್ದರೆ ಮೂರು ನಾಲ್ಕು ವಾರದಲ್ಲಿ ಮರಿಗಳು ಹೊರಬರುತ್ತವೆ. ಶೀಶೆಯ ಬಾಯಿಯ ಹತ್ತಿರ ಒತ್ತೊತ್ತಾಗಿ ಗುಂಪುಗಟ್ಟುತ್ತವೆ. ಬಟ್ಟೆಯ ಮೇಲೆ ಮೆಲ್ಲಗೆ ಉಸಿರು ಬಿಟ್ಟು ನೋಡಿ. ನೂರಾರು ಮರಿಗಳು ಒಟ್ಟಿಗೇ ಮುಂಗಾಲು ಎತ್ತಿ ಗಾಳಿಯಲ್ಲಿ ಆಡಿಸುತ್ತವೆ. ಉಣ್ಣೆಯ 'ಮೂಗು' ಇರುವುದು ಮುಂಗಾಲಿನ ತುದಿಯಲ್ಲಿ. ಹಾಲರ್‌ನ ಅಂಗ ಅಂತ ಅದಕ್ಕೆ ಹೆಸರು. ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ವಾಸನೆ, ಶಾಖ ಎಲ್ಲವೂ ಅದಕ್ಕೆ ಗೊತ್ತಾಗುತ್ತದೆ. ಹುಲ್ಲಿನ ತುದಿ ಹತ್ತಿ ಕೂತ ಮರಿಗಳು ಮಾಡುವುದೂ ಇದನ್ನೇ. ಅವು ಹಾರುವುದಿಲ್ಲ, ನೆಗೆಯುವುದಿಲ್ಲ, ಮರದಿಂದ ಉದುರಿ ಮೈಮೇಲೆ ಬೀಳುವುದೂ ಇಲ್ಲ. ಕಾಲು ಚಾಚಿ ಕಾಯುತ್ತವೆ. ಹಾದುಹೋದ ಪ್ರಾಣಿಯ ಕೂದಲು ತಾಗಿದರೆ ಹಿಡಿದುಕೊಳ್ಳುತ್ತವೆ. ಊಟವಿಲ್ಲದೆ ತಿಂಗಳುಗಟ್ಟಲೆ ಕಾಯುವ ಶಕ್ತಿ ಅವಕ್ಕಿದೆ. ಶೀಶೆಯನ್ನು ಬಿಚ್ಚದೆ ಹಾಗೇ ಕುದಿಯುವ ನೀರಿಗೆ ಹಾಕುವುದನ್ನು ಮಾತ್ರ ಮರೆಯಬಾರದು.

ದನದ ಮೈಮೇಲೆ ಇಪ್ಪತ್ತು ಉಣ್ಣೆ ಕಂಡರೆ ಇಪ್ಪತ್ತೇ ಇವೆ ಅಂತಲ್ಲ. ನೆಲದಲ್ಲಿ, ಗೋಡೆಯ ಬಿರುಕಿನಲ್ಲಿ, ಹುಲ್ಲಿನ ಬುಡದಲ್ಲಿ ಮೊಟ್ಟೆಯಾಗಿ, ಮರಿಯಾಗಿ ಇರುವವೇ ಜಾಸ್ತಿ.

ಕಚ್ಚುವುದಲ್ಲ, ನೆಡುವುದು

ಸೊಳ್ಳೆ ಚುಚ್ಚಿ, ಹೀರಿ, ಹಾರಿ ಹೋಗುತ್ತದೆ. ಉಣ್ಣೆಯ ರೀತಿ ಬೇರೆ. ಅದು ಮೊದಲು ಚರ್ಮವನ್ನು ಎರಡು ಸಣ್ಣ ಕತ್ತರಿಗಳಿಂದ ಕೊಯ್ಯುತ್ತದೆ. ಆಮೇಲೆ ಹಿಮ್ಮುಖ ಮುಳ್ಳುಗಳಿರುವ ಗರಗಸದಂಥ ಕೊಳವೆಯನ್ನು ಒಳಗೆ ತೂರಿಸುತ್ತದೆ. ಸುತ್ತಲೂ ಸಿಮೆಂಟಿನಂತೆ ಗಟ್ಟಿಯಾಗುವ ಅಂಟು ಸುರಿಸುತ್ತದೆ. ಗೋಡೆಗೆ ಮೊಳೆ ಹೊಡೆದು ಗಾರೆ ಮೆತ್ತಿದ ಹಾಗೆ. ಎಳೆದಾಗ ಅದು ಸುಲಭಕ್ಕೆ ಬರದಿರುವುದು ಇದಕ್ಕೇ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ, ನೋವು ತಿಳಿಯದಂತೆ ಮಾಡುವ, ಮೈಯ ರಕ್ಷಣಾ ಪಡೆಯನ್ನು ಮಂಕುಗೊಳಿಸುವ ಪದಾರ್ಥಗಳು ಇರುತ್ತವೆ. ಹಾಗಾಗಿ ಒಂದು ವಾರ ಅಂಟಿಕೊಂಡಿದ್ದರೂ ಪ್ರಾಣಿಗೆ ಗೊತ್ತಾಗದೆ ಇರಬಹುದು.

ಈ ವಾರದ ಬಹುಪಾಲು ಉಣ್ಣೆ ಅವಸರವಿಲ್ಲದೆ ಕುಡಿಯುತ್ತದೆ. ಅದರ ಹೊಟ್ಟೆಯ ಚರ್ಮವೂ ಅಷ್ಟರಲ್ಲಿ ಬೆಳೆದು ಸಿದ್ಧವಾಗುತ್ತದೆ. ಕೊನೆಯ ಒಂದು ದಿನದಲ್ಲಿ ಗಟಗಟ ಕುಡಿದು ಉಬ್ಬುತ್ತದೆ. ಖಾಲಿ ಹೊಟ್ಟೆಯ ತೂಕದ ನೂರು ಪಟ್ಟು ಆಗುವುದು ಸಾಮಾನ್ಯ. ಕುಡಿದ ರಕ್ತದ ನೀರಿನಂಶವನ್ನು ಜೊಲ್ಲಿನ ಮೂಲಕ ಪ್ರಾಣಿಯ ಮೈಗೇ ವಾಪಸ್ ಬಿಡುತ್ತದೆ, ಸತ್ವವನ್ನು ಉಳಿಸಿಕೊಳ್ಳುತ್ತದೆ. ಈ ವಾಪಸ್ ಬಿಡುವ ಜೊಲ್ಲಿನ ಜೊತೆಗೇ ರೋಗಾಣುಗಳು ಒಳಗೆ ಹೋಗುತ್ತವೆ.

ಒಂದೇ ಮನೆಯವು, ಮೂರು ಮನೆಯವು

ಉಣ್ಣೆಗಳಲ್ಲಿ ಒಟ್ಟು ಸುಮಾರು 900 ಜಾತಿಗಳಿವೆ. ಅವುಗಳಲ್ಲಿ 700ರಷ್ಟು ಬೆನ್ನ ಮೇಲೆ ಗಟ್ಟಿ ಕವಚವಿರುವ ಗಟ್ಟಿ ಉಣ್ಣೆಗಳು. ಉಳಿದವು ಹೆಚ್ಚುಕಡಿಮೆ ಎಲ್ಲವೂ ತೊಗಲು ಚೀಲದಂಥ ಮೈಯ ಮೆತ್ತನೆ ಉಣ್ಣೆಗಳು.

ಗಟ್ಟಿ ಉಣ್ಣೆಗಳಲ್ಲಿ ದನದ ಉಣ್ಣೆಯನ್ನು ನೋಡಿ. ಶಾಸ್ತ್ರೀಯ ಹೆಸರು ರೈಪಿಸೆಫಾಲಸ್ ಮೈಕ್ರೋಪ್ಲಸ್. ಮರಿಯಾಗಿ ಒಂದು ಹಸುವಿನ ಮೈ ಹತ್ತಿದರೆ ಅಲ್ಲೇ ಕುಡಿದು, ಅಲ್ಲೇ ಪೊರೆ ಕಳಚಿ, ಅಲ್ಲೇ ಗಂಡಿನ ಜೊತೆ ಸೇರಿ, ಮೂರು ವಾರದ ಹೊತ್ತಿಗೆ ಮೊಟ್ಟೆ ಇಡಲು ಕೆಳಗೆ ಬೀಳುತ್ತದೆ. ಇಡೀ ಬದುಕಿಗೆ ಒಂದೇ ಪ್ರಾಣಿ. ಹಾಗಾಗಿ ಹಸುವಿನ ಮೈಗೆ ಸರಿಯಾದ ಲೆಕ್ಕದಲ್ಲಿ, ಮೂರು ವಾರ ದಾಟದಂತೆ ಮತ್ತೆ ಮತ್ತೆ ಔಷಧಿ ಮಾಡುತ್ತಾ ಹೋದರೆ ಹುಲ್ಲಿನಿಂದ ಹತ್ತಿದ ಮರಿಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತವೆ.

ಕಂದು ನಾಯಿ ಉಣ್ಣೆಯದು ಬೇರೆ ಕತೆ. ಮರಿ ಒಮ್ಮೆ ನಾಯಿಯ ಮೈಮೇಲೆ ಕುಡಿದು ಕೆಳಗೆ ಬಿದ್ದು ಪೊರೆ ಕಳಚುತ್ತದೆ. ಎಳೆ ಉಣ್ಣೆಯಾಗಿ ಮತ್ತೆ ಹತ್ತಿ ಕುಡಿದು ಬೀಳುತ್ತದೆ. ದೊಡ್ಡದಾಗಿ ಮೂರನೇ ಸಲ ಹತ್ತುತ್ತದೆ. ಮಧ್ಯದ ದಿನಗಳನ್ನೆಲ್ಲ ಗೋಡೆಯ ಬಿರುಕು, ಕಿಟಕಿ ಚೌಕಟ್ಟು, ನಾಯಿ ಮಲಗುವ ಗೋಣಿಚೀಲದ ಮಡಿಕೆಯಲ್ಲಿ ಕಳೆಯುತ್ತದೆ. ಇದಕ್ಕೆ ಹುಲ್ಲುಗಾವಲೇ ಬೇಕಿಲ್ಲ, ಮನೆಯೊಳಗೇ ಇಡೀ ಸಂಸಾರ ನಡೆಸಬಲ್ಲದು. ಗೋಡೆ ಹತ್ತಿ ಹೋಗುವ ಉಣ್ಣೆಯನ್ನು ಕಂಡಿದ್ದರೆ ಅದು ಹೆಚ್ಚಾಗಿ ಇದೇ. ಬರೀ ನಾಯಿಗೆ ಸ್ನಾನ ಮಾಡಿಸಿ ಗೋಡೆ ಬಿಟ್ಟರೆ ಅರ್ಧ ಕೆಲಸವೂ ಆಗಲಿಲ್ಲ.

ಮೆತ್ತನೆ ಉಣ್ಣೆಗಳು ಇನ್ನೂ ಗುಟ್ಟಿನವು. ಕೋಳಿ ಉಣ್ಣೆ ಹಗಲೆಲ್ಲ ಗೂಡಿನ ಸಂದಿಯಲ್ಲಿ ಅಡಗಿದ್ದು, ರಾತ್ರಿ ಬಂದು ಅರ್ಧ ಗಂಟೆಯಷ್ಟರಲ್ಲಿ ಕುಡಿದು ವಾಪಸ್ ಹೋಗುತ್ತದೆ. ಹಗಲು ಕೋಳಿಯನ್ನು ಹಿಡಿದು ಎಷ್ಟು ಹುಡುಕಿದರೂ ದೊಡ್ಡ ಉಣ್ಣೆ ಸಿಗದು. ರೆಕ್ಕೆಯ ಬುಡದಲ್ಲಿ ಅದರ ಮರಿಗಳು ಮಾತ್ರ ಸಿಗಬಹುದು. ಇವುಗಳ ಬಳಗದ ಆರ್ನಿಥೊಡೋರಸ್ ಉಣ್ಣೆಗಳು ಊಟವಿಲ್ಲದೆ ವರ್ಷಗಟ್ಟಲೆ ಬದುಕುತ್ತವೆ, ಆಫ್ರಿಕನ್ ಹಂದಿಜ್ವರದ ವೈರಸ್ಸನ್ನೂ ಮೈಯಲ್ಲಿ ಇಟ್ಟುಕೊಂಡಿರುತ್ತವೆ. ಹಂದಿಗಳನ್ನೆಲ್ಲ ತೆಗೆದು ದೊಡ್ಡಿ ಖಾಲಿ ಬಿಟ್ಟರೂ ಕೆಲವು ಕಡೆ ರೋಗ ಮತ್ತೆ ತಲೆ ಎತ್ತಿದ್ದಕ್ಕೆ ಇದೂ ಒಂದು ಕಾರಣ.

ಉಣ್ಣೆ ತರುವ ಜ್ವರ

ರಕ್ತ ಹೋಗುವುದು, ಚರ್ಮ ಹಾಳಾಗುವುದು, ಹಾಲು ಇಳಿಯುವುದು ಎಲ್ಲವೂ ನಿಜ. ಆದರೆ ಉಣ್ಣೆಯ ನಿಜವಾದ ಅಪಾಯ ಅದು ಹೊತ್ತು ತರುವ ರೋಗ. ಇದು ಗೊತ್ತಾದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ದಕ್ಷಿಣದ ದನಗಳು ಉತ್ತರದ ಹುಲ್ಲುಗಾವಲು ಹಾದುಹೋದರೆ ಸಾಕು, ಉತ್ತರದ ದನಗಳು ಜ್ವರ ಬಂದು, ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ವಿಚಿತ್ರ ಅಂದರೆ ದಕ್ಷಿಣದ ದನಗಳು ಮಾತ್ರ ಆರಾಮಾಗಿಯೇ ಇರುತ್ತಿದ್ದವು. ಇದಕ್ಕೆ ಟೆಕ್ಸಾಸ್ ಜ್ವರ ಅಂತ ಹೆಸರಿಟ್ಟರು. 1889ರಿಂದ ರೋಗಾಣು ವಿಜ್ಞಾನಿ ಥಿಯೋಬಾಲ್ಡ್ ಸ್ಮಿತ್ ಮತ್ತು ಪಶುವೈದ್ಯ ಫ್ರೆಡ್ ಕಿಲ್‌ಬೋರ್ನ್ ಸರಳವಾದ, ಆದರೆ ತುಂಬಾ ಚಂದದ ಪ್ರಯೋಗ ಮಾಡಿದರು. ಒಂದು ಹೊಲದಲ್ಲಿ ಉಣ್ಣೆ ಇರುವ ದಕ್ಷಿಣದ ದನಗಳ ಜೊತೆ ಉತ್ತರದ ದನಗಳನ್ನು ಬಿಟ್ಟರು. ಇನ್ನೊಂದರಲ್ಲಿ ದಕ್ಷಿಣದ ದನಗಳ ಉಣ್ಣೆಯನ್ನೆಲ್ಲ ಕೈಯಿಂದಲೇ ಆರಿಸಿ ತೆಗೆದು, ಆಮೇಲೆ ಜೊತೆಗೆ ಬಿಟ್ಟರು. ಮತ್ತೊಂದರಲ್ಲಿ ದಕ್ಷಿಣದ ದನವೇ ಇಲ್ಲ, ಬರೀ ಉಣ್ಣೆಗಳನ್ನು ಹುಲ್ಲಿನ ಮೇಲೆ ಚೆಲ್ಲಿದರು. ಉಣ್ಣೆ ಇದ್ದಲ್ಲಿ ದನ ಕಾಯಿಲೆ ಬಿತ್ತು. ಉಣ್ಣೆ ಇಲ್ಲದಲ್ಲಿ ಬೀಳಲಿಲ್ಲ.

ಇನ್ನೂ ಅಚ್ಚರಿ ಮುಂದಿತ್ತು. ಮೊಟ್ಟೆಯಿಂದ ಆಗಷ್ಟೇ ಬಂದ, ಯಾವ ದನವನ್ನೂ ಮುಟ್ಟದ ಮರಿಗಳನ್ನು ಹತ್ತಿಸಿದರೂ ರೋಗ ಬಂತು. ಅಂದರೆ ತಾಯಿ ಉಣ್ಣೆ ರೋಗಾಣುವನ್ನು ಮೊಟ್ಟೆಯ ಮೂಲಕ ಮಕ್ಕಳಿಗೆ ದಾಟಿಸಿತ್ತು. 1893ರಲ್ಲಿ ಇದು ಪ್ರಕಟವಾಯಿತು. ಸೊಳ್ಳೆ ಮತ್ತು ಮಲೇರಿಯಾದ ನಂಟನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ನಾಲ್ಕು ವರ್ಷ ಆಮೇಲೆ. ಈ ವಿಷಯದಲ್ಲಿ ಮನುಷ್ಯರ ವೈದ್ಯಕ್ಕೆ ದಾರಿ ತೋರಿಸಿದ್ದು ದನದ ಉಣ್ಣೆ! ಅಮೆರಿಕ 1906ರಲ್ಲಿ ಈ ಉಣ್ಣೆಯನ್ನು ನಿರ್ಮೂಲ ಮಾಡುವ ಕೆಲಸಕ್ಕೆ ಇಳಿಯಿತು. ಮುಗಿಸಲು 1943 ಆಯಿತು. ಇವತ್ತಿಗೂ ಮೆಕ್ಸಿಕೊ ಗಡಿಯಲ್ಲಿ ಕಾವಲು ಬಿಟ್ಟಿಲ್ಲ.

ಈ ರೋಗ ಬಬೇಸಿಯೋಸಿಸ್. ಬಬೇಸಿಯಾ ಎಂಬ ರೋಗಾಣು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಅದರ ಬಣ್ಣ ಮೂತ್ರಕ್ಕೆ ಇಳಿಯುತ್ತದೆ. ಗಂಜಲ ಕಾಫಿ ಬಣ್ಣಕ್ಕೆ ತಿರುಗಿ, ಜೊತೆಗೆ ಜೋರು ಜ್ವರವಿದ್ದರೆ ಒಂದು ಗಂಟೆಯೂ ತಡ ಮಾಡಬಾರದು. ಉಣ್ಣೆಯೇ ತರುವ ಇನ್ನೊಂದು ರೋಗವಾದ ಅನಾಪ್ಲಾಸ್ಮೋಸಿಸ್‌ನಲ್ಲೂ ರಕ್ತ ಕಡಿಮೆಯಾಗುತ್ತದೆ, ಕಣ್ಣು ಬಿಳಚಿ ಹಳದಿಯಾಗುತ್ತದೆ. ಆದರೆ ಮೂತ್ರ ಕೆಂಪಾಗುವುದಿಲ್ಲ. ಇದು ಕಚ್ಚುವ ನೊಣಗಳಿಂದ, ಒಂದೇ ಸೂಜಿಯನ್ನು ಹಲವು ದನಗಳಿಗೆ ಬಳಸುವುದರಿಂದಲೂ ಹರಡುತ್ತದೆ. ಹಾಗಾಗಿ ಪ್ರತಿ ದನಕ್ಕೂ ಬೇರೆ ಸೂಜಿ ಇರಲೇಬೇಕು.

ಥೈಲೇರಿಯಾ ಎಂಬುದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ರೋಗಾಣು. ಅದು ಬಿಳಿ ರಕ್ತಕಣದೊಳಗೆ ಸೇರಿ, ಆ ಕಣ ಕ್ಯಾನ್ಸರ್ ಕಣದ ಹಾಗೆ ಒಂದೇ ಸಮನೆ ಇಬ್ಭಾಗವಾಗುತ್ತಾ ಹೋಗುವಂತೆ ಮಾಡುತ್ತದೆ. ಕಣದ ಜೊತೆ ತಾನೂ ಇಬ್ಭಾಗವಾಗುತ್ತದೆ. ಹೊರಗೆ ಕಾಣುವುದು ಭುಜದ ಮುಂದೆ, ಕಿವಿಯ ಕೆಳಗೆ ಊದಿಕೊಂಡ ಗ್ರಂಥಿಗಳು, ಇಳಿಯದ ಜ್ವರ, ಮೇವು ಬಿಟ್ಟ ಹಸು. ಹೊತ್ತಿಗೆ ಸರಿಯಾಗಿ ಬುಪಾರ್ವಕ್ವೋನ್ ಎಂಬ ಔಷಧಿ ಸಿಕ್ಕರೆ ಬದುಕುತ್ತದೆ. ಇದರ ರೋಗಾಣು ಮೊಟ್ಟೆಯ ಮೂಲಕ ಹೋಗುವುದಿಲ್ಲ. ಮರಿಯಾಗಿದ್ದಾಗ ರೋಗದ ದನದ ರಕ್ತ ಕುಡಿದ ಉಣ್ಣೆ, ಮುಂದಿನ ಹಂತದಲ್ಲಿ ಇನ್ನೊಂದು ದನಕ್ಕೆ ಕೊಡುತ್ತದೆ. ಅದೂ ಕಚ್ಚಿದ ಕೂಡಲೇ ಅಲ್ಲ. ಉಣ್ಣೆ ಕುಡಿಯಲು ಶುರು ಮಾಡಿದ ಮೇಲೆ ರೋಗಾಣು ಬಲಿತು ಸಿದ್ಧವಾಗಲು ಕೆಲವು ದಿನ ಬೇಕು. ದಿನವೂ ಮೈ ಸವರಿ ಉಣ್ಣೆ ತೆಗೆಯುವುದಕ್ಕೆ ಬೆಲೆ ಇರುವುದು ಇಲ್ಲೇ. ನಾಯಿಗಳಲ್ಲಿ ಕಂದು ಉಣ್ಣೆ ತರುವ ಎರ್ಲಿಕಿಯೋಸಿಸ್ ಕೂಡ ಹೀಗೇ, ಮೂಗಿನಿಂದ ರಕ್ತ ಸುರಿಯುವವರೆಗೂ ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ.

ದಕ್ಷಿಣದ ದನಗಳು ಯಾಕೆ ಆರಾಮಾಗಿದ್ದವು? ಕರುವಾಗಿದ್ದಾಗಲೇ ಉಣ್ಣೆ ಕಚ್ಚಿ, ಸಣ್ಣದಾಗಿ ರೋಗ ಬಂದು, ಹೊರಗೆ ಕಾಣದೆ ವಾಸಿಯಾಗಿ, ತಡೆಯುವ ಶಕ್ತಿ ಬಂದಿತ್ತು. ಕರುಗಳಿಗೆ ಬಬೇಸಿಯಾ ತಡೆದುಕೊಳ್ಳುವ ಶಕ್ತಿ ದೊಡ್ಡ ದನಗಳಿಗಿಂತ ಜಾಸ್ತಿ. ಉಣ್ಣೆಯೇ ಕಾಣದ ಜಾಗದಲ್ಲಿ ಬೆಳೆದ ದೊಡ್ಡ ಹಸುವನ್ನು ಉಣ್ಣೆ ತುಂಬಿದ ಜಾಗಕ್ಕೆ ತಂದರೆ ಮೊದಲ ಕೆಲವು ವಾರ ಅದಕ್ಕೆ ತುಂಬಾ ಕಷ್ಟದ ಕಾಲ. ಹೀಗೆ ತರುವ ಮೊದಲೇ ಪಶುವೈದ್ಯರ ಹತ್ತಿರ ಮಾತಾಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ತಳಿಯೂ ಲೆಕ್ಕಕ್ಕೆ ಬರುತ್ತದೆ. ಭುಜದ ಮೇಲೆ ಡುಬ್ಬ ಇರುವ ದನಗಳ ಮೈಮೇಲೆ ಯೂರೋಪಿನ ತಳಿಗಳಿಗಿಂತ ಕಡಿಮೆ ಉಣ್ಣೆ ನಿಲ್ಲುತ್ತವೆ.

ಮನುಷ್ಯರಿಗೂ ಇದರಲ್ಲಿ ಪಾಲಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಹೀಮಾಫೈಸಾಲಿಸ್ ಉಣ್ಣೆಯಿಂದ. ಕ್ರಿಮಿಯನ್ ಕಾಂಗೋ ಜ್ವರ ಹಯಲೋಮಾ ಉಣ್ಣೆಯಿಂದ ಬರುತ್ತದೆ. ಆ ವೈರಸ್ ಇರುವ ದನ, ಕುರಿಗಳಲ್ಲಿ ಕಾಯಿಲೆಯ ಗುರುತೇ ಕಾಣುವುದಿಲ್ಲ. ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಿದವರಿಗೆ, ಹಸಿ ರಕ್ತ ಮುಟ್ಟಿದವರಿಗೆ ಅದು ತಗುಲುತ್ತದೆ.

ಇನ್ನು ನುಸಿಗಳು

ನುಸಿಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಅವುಗಳ ಕೆಲಸ: ತುರಿಕೆ, ಕೂದಲು ಉದುರುವುದು, ಹೊಪ್ಪಳೆ. ಇದಕ್ಕೆಲ್ಲ ಒಟ್ಟಾಗಿ ಕಜ್ಜಿ ಅಂದುಬಿಡುತ್ತೇವೆ. ಆದರೆ ಕಜ್ಜಿಗೂ ಕಜ್ಜಿಗೂ ವ್ಯತ್ಯಾಸ ಇದೆ. ನುಸಿಯ ಮನೆ ಎಲ್ಲಿ ಅನ್ನುವುದೇ ಆ ವ್ಯತ್ಯಾಸ.

ಸಾರ್ಕೋಪ್ಟಿಸ್ ನುಸಿ ಚರ್ಮದೊಳಗೆ ಸುರಂಗ ಕೊರೆದು, ಅಲ್ಲೇ ಮೊಟ್ಟೆ ಇಟ್ಟುಕೊಂಡು ಹೋಗುತ್ತದೆ. ಅರ್ಧ ಮಿಲಿಮೀಟರ್ ಕೂಡ ಉದ್ದವಿಲ್ಲ. ಇಟಲಿಯ ಬೊನೊಮೊ ಮತ್ತು ಚೆಸ್ತೋನಿ 1687ರಲ್ಲೇ ಮನುಷ್ಯರ ಕಜ್ಜಿಗೆ ಈ ನುಸಿ ಕಾರಣ ಅಂತ ಚಿತ್ರ ಸಮೇತ ಬರೆದಿದ್ದರು. ವೈದ್ಯಲೋಕ ಒಪ್ಪಲಿಲ್ಲ. 1834ರಲ್ಲಿ ಪ್ಯಾರಿಸ್‌ನಲ್ಲಿ ರೆನುಚ್ಚಿ ಎಂಬ ವಿದ್ಯಾರ್ಥಿ ಸೂಜಿಯ ತುದಿಯಲ್ಲಿ ನುಸಿಯನ್ನು ಹೊರತೆಗೆದು ಎಲ್ಲರೆದುರು ತೋರಿಸಬೇಕಾಯಿತು.

ನಾಯಿಗಳಲ್ಲಿ ಇದು ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಅಡಿಯಲ್ಲಿ ಶುರುವಾಗುತ್ತದೆ. ಒಂದು ಸಣ್ಣ ಪರೀಕ್ಷೆ ಇದೆ. ನಾಯಿಯ ಕಿವಿಯ ಅಂಚನ್ನು ಮಡಿಸಿ ಹೆಬ್ಬೆರಳು, ತೋರುಬೆರಳ ನಡುವೆ ಕೆಲವು ಸೆಕೆಂಡು ಉಜ್ಜಿ. ಆ ಬದಿಯ ಹಿಂಗಾಲು ತನ್ನಷ್ಟಕ್ಕೆ ಕೆರೆಯುವಂತೆ ಆಡತೊಡಗಿದರೆ ಈ ಕಜ್ಜಿಯ ಅನುಮಾನ ಬಲವಾಗುತ್ತದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ನುಸಿ ಸಿಗದೆ ಹೋಗಬಹುದು, ಯಾಕಂದರೆ ಹತ್ತಾರು ನುಸಿಗಳೇ ಮೈಯನ್ನೆಲ್ಲ ತುರಿಸುವಂತೆ ಮಾಡಬಲ್ಲವು. ಆ ತುರಿಕೆ ಬಹುಪಾಲು ಅಲರ್ಜಿ. ಅದಕ್ಕೇ ವೈದ್ಯರು ವರದಿಯಲ್ಲಿ ಏನೂ ಇಲ್ಲದಿದ್ದರೂ ಚಿಕಿತ್ಸೆ ಶುರು ಮಾಡುತ್ತಾರೆ. ಮನೆಯವರಿಗೂ ಕೆಲವು ದಿನ ತುರಿಕೆ ಬರಬಹುದು. ನಾಯಿಗೆ ವಾಸಿಯಾದರೆ ಅದೂ ಹೋಗುತ್ತದೆ.

ಡೆಮೊಡೆಕ್ಸ್ ಇದಕ್ಕೆ ಪೂರಾ ಉಲ್ಟಾ. ಚುಟ್ಟದಂತೆ ಉದ್ದನೆಯ ಈ ನುಸಿ ಕೂದಲ ಬುಡದ ಗುಳಿಯಲ್ಲಿ ತಲೆ ಕೆಳಗಾಗಿ ವಾಸಿಸುತ್ತದೆ. ಹುಟ್ಟಿದ ಮೊದಲ ಎರಡು ಮೂರು ದಿನದಲ್ಲಿ, ಹಾಲು ಕುಡಿಯುವಾಗ, ತಾಯಿಯಿಂದ ಮರಿಗೆ ಬರುತ್ತದೆ. ಹೆಚ್ಚುಕಡಿಮೆ ಎಲ್ಲಾ ನಾಯಿಗಳಲ್ಲೂ ಇರುತ್ತದೆ, ಸುಮ್ನೆ ಇರುತ್ತದೆ. ಮೈಯ ತಡೆಶಕ್ತಿ ಕುಗ್ಗಿದಾಗ ಮಾತ್ರ ಮಿತಿಮೀರಿ ಬೆಳೆದು ಕೂದಲು ಉದುರಿಸುತ್ತದೆ. ಇದು ಇನ್ನೊಂದು ನಾಯಿಗಾಗಲಿ, ಮನುಷ್ಯರಿಗಾಗಲಿ ಅಂಟುವ ರೋಗವಲ್ಲ. 'ನಾಯಿಯನ್ನು ಚೊಕ್ಕಟವಾಗಿ ಇಟ್ಟುಕೊಂಡಿಲ್ಲ' ಅಂತ ಸಾಕಿದವರನ್ನು ದೂರುವುದು ಅನ್ಯಾಯ. ತುರಿಕೆ ತಗ್ಗಲಿ ಅಂತ ಸ್ಟೀರಾಯ್ಡ್ ಕೊಟ್ಟರೆ ತಡೆಶಕ್ತಿ ಇನ್ನೂ ಕುಗ್ಗಿ ರೋಗ ಉಲ್ಬಣಿಸುತ್ತದೆ. ನೋಡಲು ಎರಡೂ ಕಜ್ಜಿಯೇ, ಆದರೆ ಒಂದರ ಚಿಕಿತ್ಸೆ ಇನ್ನೊಂದಕ್ಕೆ ವಿಷ ಇದ್ದಂತೆ. ಕೆರೆದು ನೋಡದೆ ಔಷಧಿ ಬೇಡ ಅನ್ನುವುದು ಇದಕ್ಕೇ, ಅಲ್ವಾ?

ಕುರಿಯ ಸೊರೋಪ್ಟಿಸ್ ನುಸಿ ಸುರಂಗ ಕೊರೆಯುವುದಿಲ್ಲ. ಚರ್ಮದ ಮೇಲೇ ಇದ್ದು, ಒಸರುವ ರಸ ಕುಡಿಯುತ್ತದೆ. ಹುಣ್ಣಿನ ಮಧ್ಯದಲ್ಲಿ ಹುಡುಕಿದರೆ ಸಿಗದು, ಹರಡುತ್ತಿರುವ ಅಂಚಿನಲ್ಲಿ ಇರುತ್ತದೆ. ಕುರಿಗಳು ಬೇಲಿಗೆ ಮೈ ಉಜ್ಜಿ, ತುಪ್ಪಟ ಕಿತ್ತು ಹೋಗಿ, ಸೊರಗುತ್ತವೆ. ಬೇಲಿಗೆ ಸಿಕ್ಕಿದ ತುಪ್ಪಟದ ಎಳೆಯಲ್ಲೂ ನುಸಿ ಎರಡು ವಾರ ಬದುಕಬಲ್ಲದು. ಬ್ರಿಟನ್ 1952ರಲ್ಲಿ ಇದನ್ನು ಪೂರ್ತಿ ತೊಲಗಿಸಿತ್ತು. 1973ರಲ್ಲಿ ಮತ್ತೆ ಬಂತು, ಇನ್ನೂ ಹೋಗಿಲ್ಲ.

ಬೆಕ್ಕಿನ ಕಿವಿಯಲ್ಲಿ ಕಾಫಿಪುಡಿಯಂಥ ಕಪ್ಪು ಗಸಿ ಕಂಡರೆ ಅದು ಹೆಚ್ಚಾಗಿ ಓಟೊಡೆಕ್ಟಿಸ್ ಎಂಬ ಕಿವಿ ನುಸಿ. ಅಮೆರಿಕದ ಪಶುವೈದ್ಯ ರಾಬರ್ಟ್ ಲೋಪೆಜ್ ಬೆಕ್ಕಿನ ಕಿವಿಯ ನುಸಿಗಳನ್ನು ತನ್ನ ಕಿವಿಗೇ ಬಿಟ್ಟುಕೊಂಡು, ಒಳಗೆ ಕೆರೆಯುವ, ಓಡಾಡುವ ಸದ್ದು ಮತ್ತು ರಾತ್ರಿಯಲ್ಲಿ ಹೆಚ್ಚುವ ತುರಿಕೆಯನ್ನು 1993ರಲ್ಲಿ ಬರೆದಿಟ್ಟರು. ಆ ಬರಹದ ಬಗ್ಗೆ ತಿಳಿದ ಮೇಲೆ ತಲೆ ಕೊಡವುವ ಬೆಕ್ಕನ್ನು ನಾನು ಮೊದಲಿನಂತೆ ನೋಡಲು ಆಗಲಿಲ್ಲ.

ಕೋಳಿಗಳ ವಿಷಯಕ್ಕೆ ಬಂದರೆ 'ಮನೆ ಎಲ್ಲಿ' ಅನ್ನುವ ಪ್ರಶ್ನೆಯ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಕೋಳಿಗೆ ಎರಡು ಬಗೆಯ ರಕ್ತ ಹೀರುವ ನುಸಿಗಳಿವೆ. ಒಂದು ಹಗಲೂ ರಾತ್ರಿ ಕೋಳಿಯ ಮೈಮೇಲೇ, ಗುದದ ಸುತ್ತಿನ ಪುಕ್ಕದಲ್ಲಿ ಇರುತ್ತದೆ. ಇನ್ನೊಂದು ಕೆಂಪು ನುಸಿ. ಹಗಲು ಗೂಡಿನ ಸಂದಿಯಲ್ಲಿದ್ದು, ಕತ್ತಲಾದ ಮೇಲೆ ಬಂದು ಹೀರಿ ಹೋಗುತ್ತದೆ. ಮೊದಲನೆಯದಕ್ಕೆ ಕೋಳಿಗೇ ಔಷಧಿ ಮಾಡಬೇಕು. ಎರಡನೆಯದಕ್ಕೆ ಗೂಡನ್ನೂ ಹಿಡಿಯದಿದ್ದರೆ ಕೆಲಸ ಮುಗಿಯದು. ರಾತ್ರಿ ಟಾರ್ಚ್ ಹಿಡಿದು ಕೂರುವ ಕೋಲಿನ ಅಡಿ ನೋಡಿ, ಅಥವಾ ಅಲ್ಲಿ ಬಿಳಿ ಕಾಗದ ಉಜ್ಜಿ. ಕೆಂಪು ಗೀರು ಬಿದ್ದರೆ ಅದು ಕೋಳಿಯ ರಕ್ತ. ಬೆಚ್ಚಗಿನ ಕಾಲದಲ್ಲಿ ಇದರ ಪೀಳಿಗೆ ವಾರ, ಹತ್ತು ದಿನದಲ್ಲಿ ಮುಗಿದು ಮುಂದಿನದು ಶುರುವಾಗುತ್ತದೆ. ಕೋಳಿ ಇಲ್ಲದ ಗೂಡಿನಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಯೂರೋಪಿನಲ್ಲಿ 2017ರಲ್ಲಿ ಈ ನುಸಿಗೆ ಹೊಡೆಯುವ ದ್ರಾವಣದಲ್ಲಿ ಕೋಳಿಗಳಿಗೆ ಬಳಸಬಾರದ ಫಿಪ್ರೋನಿಲ್ ಎಂಬ ಕೀಟನಾಶಕ ಸೇರಿಸಿದ್ದರಿಂದ ಲಕ್ಷಾಂತರ ಮೊಟ್ಟೆಗಳನ್ನು ವಾಪಸ್ ಪಡೆಯಬೇಕಾಯಿತು. ಕೋಳಿಯ ಕಾಲಿನ ಹುರುಪೆ ಎದ್ದು ದಪ್ಪಗಾಗುವುದೂ ಇನ್ನೊಂದು ನುಸಿಯ ಕೆಲಸ.

ಜೇನುಹುಳುವನ್ನು ಬಿಡಬಾರದು. ವರೋವಾ ಎಂಬ ನುಸಿ ಮೊದಲು ಏಷ್ಯಾದ ತುಡುವೆ ಜೇನಿನ ಜೊತೆ ಹೊಂದಿಕೊಂಡು ಬದುಕಿತ್ತು. ಅಲ್ಲಿಂದ ಯೂರೋಪಿನ ಜೇನಿಗೆ ದಾಟಿದ ಮೇಲೆ ಜಗತ್ತಿನ ಜೇನುಪೆಟ್ಟಿಗೆಗಳೇ ಖಾಲಿಯಾಗತೊಡಗಿದವು. ಮೇಣದಿಂದ ಮುಚ್ಚಿದ ಕೋಣೆಯೊಳಗೆ, ಮರಿಯ ಮೈಮೇಲೆ ಇದು ಸಂತಾನ ಬೆಳೆಸುತ್ತದೆ. ರೆಕ್ಕೆ ಸೊಟ್ಟಗಾಗುವ ವೈರಸ್ಸನ್ನೂ ಹರಡುತ್ತದೆ. ಎಷ್ಟೋ ಔಷಧಿಗಳು ಆ ಮೇಣದ ಮುಚ್ಚಳ ದಾಟುವುದಿಲ್ಲ. ಆಸ್ಟ್ರೇಲಿಯಾ ಬಹಳ ಕಾಲ ಇದರಿಂದ ತಪ್ಪಿಸಿಕೊಂಡಿತ್ತು. 2022ರಲ್ಲಿ ಅಲ್ಲಿಗೂ ಬಂತು.

ಔಷಧಿ ಯಾವಾಗ ಸೋಲುತ್ತದೆ

1981ರಲ್ಲಿ ಪ್ರಾಣಿಗಳಿಗೆ ಬಂದ ಐವರ್ಮೆಕ್ಟಿನ್ ಎಂಬ ಔಷಧಿ ದೊಡ್ಡ ವರವೇ ಆಯಿತು. ಅದಕ್ಕೆ ದಾರಿ ಮಾಡಿದ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಇಂಜೆಕ್ಷನ್ ಕೊಟ್ಟರೆ ಔಷಧಿ ರಕ್ತದಲ್ಲಿ, ಮೈರಸದಲ್ಲಿ ಇರುತ್ತದೆ. ಅದನ್ನು ಕುಡಿಯುವ ನುಸಿ ಸಾಯುತ್ತದೆ. ದನದ ಬಾಲದ ಬುಡದಲ್ಲಿ, ಕಾಲಲ್ಲಿ ಇರುವ ಕೋರಿಯೋಪ್ಟಿಸ್ ನುಸಿ ತಿನ್ನುವುದು ಚರ್ಮದ ಒಣ ಹೊಟ್ಟನ್ನು. ಅದಕ್ಕೆ ಇಂಜೆಕ್ಷನ್ ಸರಿಯಾಗಿ ನಾಟುವುದಿಲ್ಲ, ಬೆನ್ನ ಮೇಲೆ ಸುರಿಯುವ ಔಷಧಿ ಬೇಕು. ಮೊಟ್ಟೆಗಳನ್ನು ಐವರ್ಮೆಕ್ಟಿನ್ ಕೊಲ್ಲುವುದಿಲ್ಲ. ಹಾಗಾಗಿ ಮೊಟ್ಟೆ ಒಡೆದು ಮರಿ ಬಂದ ಮೇಲೆ ಇನ್ನೊಂದು ಸಲ ಕೊಡಬೇಕು. 'ತುರಿಕೆ ನಿಂತಿತು' ಅಂತ ಎರಡನೇ ಡೋಸ್ ಬಿಟ್ಟವರೇ ಮತ್ತೆ ಬರುತ್ತಾರೆ.

ಕಾಲಿ ಮತ್ತು ಅದರ ಹತ್ತಿರದ ತಳಿಯ ಎಷ್ಟೋ ನಾಯಿಗಳಿಗೆ ಐವರ್ಮೆಕ್ಟಿನ್ ಜಾಸ್ತಿಯಾದರೆ ಮೆದುಳಿಗೆ ಹೋಗಿ ಪ್ರಾಣಕ್ಕೇ ಕುತ್ತು. ನಾಯಿಯ ಮೈಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಹಾಲು ಕೊಡುವ ಹಸುವಿಗೆ ಯಾವ ಔಷಧಿ ಕೊಟ್ಟರೂ ಎಷ್ಟು ದಿನ ಹಾಲು ಬಳಸಬಾರದು ಅಂತ ಕೇಳಿಕೊಳ್ಳಿ. ನಾಯಿಗಳಿಗೆ ಈಗ ಬಂದಿರುವ ಫ್ಲುರಾಲನರ್‌ನಂಥ ಮಾತ್ರೆಗಳು ಉಣ್ಣೆಗೂ ಕಜ್ಜಿ ನುಸಿಗೂ ತುಂಬಾ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಉಣ್ಣೆ ಕಚ್ಚಿದ ಮೇಲೇ ಸಾಯುವುದು. ಮಾತ್ರೆ ಕೊಟ್ಟ ಮೇಲೂ ಒಂದೆರಡು ಉಣ್ಣೆ ಕಂಡರೆ ಗಾಬರಿ ಬೇಡ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ.

ದನದ ಉಣ್ಣೆ ಮಾತ್ರ ಬಹಳ ಗಟ್ಟಿ ಪಿಂಡ. ಆರ್ಸೆನಿಕ್, ಡಿಡಿಟಿ, ಆಮೇಲೆ ಬಂದ ಒಂದೊಂದು ಗುಂಪಿನ ಔಷಧಿಗೂ ಬಗ್ಗದ ತಳಿ ಎಲ್ಲಾದರೂ ಒಂದು ಕಡೆ ಎದ್ದಿದೆ. ಅಂದಾಜಿನ ಮೇಲೆ ಕಡಿಮೆ ಬೆರೆಸುವುದು, ಗಂಗೆದೊಗಲು, ಕೆಚ್ಚಲ ಸಂದಿ, ಬಾಲದ ಅಡಿ ಬಿಟ್ಟು ಬರೀ ಬೆನ್ನಿಗೆ ಸಿಂಪಡಿಸುವುದು, ವರ್ಷಗಟ್ಟಲೆ ಒಂದೇ ಔಷಧಿ ಬಳಸುವುದು ಇದಕ್ಕೆ ದಾರಿ ಮಾಡಿಕೊಡುತ್ತವೆ. ಉಣ್ಣೆಯ ಕರುಳಿನ ಒಂದು ಪ್ರೋಟೀನ್ ಬಳಸಿ ಮಾಡಿದ ಲಸಿಕೆ 1990ರ ದಶಕದಲ್ಲಿ ಕ್ಯೂಬಾ ಮತ್ತು ಆಸ್ಟ್ರೇಲಿಯಾದಲ್ಲಿ ಬಂತು. ಲಸಿಕೆ ಪಡೆದ ಹಸುವಿನ ರಕ್ತ ಕುಡಿದ ಉಣ್ಣೆಯ ಕರುಳೇ ಹಾಳಾಗುತ್ತದೆ, ಅದು ಇಡುವ ಮೊಟ್ಟೆ ಕಡಿಮೆಯಾಗುತ್ತದೆ. ಎಲ್ಲಾ ಕಡೆಯ ಉಣ್ಣೆಗಳ ಮೇಲೆ ಒಂದೇ ರೀತಿ ಕೆಲಸ ಮಾಡಲಿಲ್ಲ. ಆದರೂ ಔಷಧಿಗೆ ಬಗ್ಗದ ಉಣ್ಣೆಯ ವಿರುದ್ಧ ನನಗೆ ಭರವಸೆ ಕಾಣುವುದು ಈ ದಾರಿಯಲ್ಲೇ.

ಇವತ್ತು ನಿಮ್ಮ ನಾಯಿಯ ಮೈಮೇಲೆ ಒಂದು ಉಣ್ಣೆ ಸಿಕ್ಕರೆ ಸೀಮೆಎಣ್ಣೆ ಹಾಕಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಹಾಗೆ ಕೆಣಕಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಕೈಗವಸು ಹಾಕಿಕೊಂಡು, ಸಣ್ಣ ಮೂತಿಯ ಚಿಮಟದಿಂದ, ಉಬ್ಬಿದ ಹೊಟ್ಟೆಯನ್ನಲ್ಲ, ಚರ್ಮಕ್ಕೆ ಒತ್ತಿಕೊಂಡ ಬಾಯಿಯ ಹತ್ತಿರ ಹಿಡಿದು, ಒಮ್ಮೆಲೇ ಜಗ್ಗದೆ ನೇರವಾಗಿ ಮೇಲೆ ಎಳೆಯಿರಿ. ಹೊಸಕಬೇಡಿ, ಸ್ಪಿರಿಟ್ ಇರುವ ಪುಟ್ಟ ಶೀಶೆಗೆ ಹಾಕಿ, ಮೇಲೆ ತಾರೀಕು ಬರೆದಿಡಿ. ಮುಂದಿನ ಮೂರು ನಾಲ್ಕು ವಾರದಲ್ಲಿ ಜ್ವರ ಬಂದರೆ, ಊಟ ಬಿಟ್ಟರೆ, ಒಸಡು ಬಿಳಚಿದರೆ ಆ ಶೀಶೆಯನ್ನೂ ಜೊತೆಗೆ ತೆಗೆದುಕೊಂಡೇ ವೈದ್ಯರ ಹತ್ತಿರ ಹೋಗಿ.